ಅಮ್ಮ ಬಂದ ಮನೆಯ ರಜೆ

ಇವತ್ತು ಬೆಳಿಗ್ಗೆ ಹಾಲಿಗೆ ಹೊರಟವನು ಹಿಂದಿನ ಬೀದಿಯ ಒಂದು ಮನೆ ಮುಂದೆ ನಿಂತುಬಿಟ್ಟೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಹಸಿ ಬೇವಿನ ಆ ವಾಸನೆ ನಿಮಗೆ ಹಿತವಾಗಿರಬಹುದು. ನನಗೆ ಅದು ಹೆದರಿಕೆಯ ವಾಸನೆ.

ನಮ್ಮ ಬಾಗಲೂರು ಕಡೆ ಮಕ್ಕಳ ಮೈಮೇಲೆ ನೀರುಗುಳ್ಳೆ ಎದ್ದರೆ ಯಾರೂ ಕಾಯಿಲೆ ಅನ್ನುವುದಿಲ್ಲ. ಅಮ್ಮ ಬಂದಿದ್ದಾಳೆ ಅನ್ನುತ್ತೇವೆ, ಬಾಗಿಲಿಗೆ ಬೇವು ಕಟ್ಟುತ್ತೇವೆ. ಆಕೆ ಇರುವಷ್ಟು ದಿನ ಒಗ್ಗರಣೆ ಇಲ್ಲ, ಮನೆಯವರು ಇನ್ನೊಬ್ಬರ ಹೊಸಿಲು ತುಳಿಯುವಂತಿಲ್ಲ, ಬಂದದ್ದನ್ನು ಹೊರಗೆ ಸಾರುವಂತೆಯೂ ಇಲ್ಲ. ಕಂಡವರೂ ಬಾಯಿ ಬಿಡುವುದಿಲ್ಲ. ಗುಳ್ಳೆ ಬಾಡಿದ ಮೇಲೆ ಮೂರು ಸಲ ಬೇವಿನ ನೀರಿನ ಸ್ನಾನ; ಆ ಮೂರು ನೀರು ಹಾಕುವವರೆಗೆ ಹೀಗೇ.

ಎರಡು ಸಾವಿರ ಇಸವಿ ದಾಟಿದ ಹೊಸದರಲ್ಲಿ ಆಕೆ ನನ್ನ ಮಗಳು ಮಂಜುಳಾಳ ಮೇಲೆ ಬಂದಳು. ಮಂಜಿ ಆಗ ಒಂಬತ್ತನೇ ಕ್ಲಾಸು. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟು, ಹೊಸೂರಿನ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಹಿಡಿದವನು. ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ ಎಂದು ಮೀಸೆ ತಿರುವುತ್ತಿದ್ದವನು. ಜ್ವರದಲ್ಲಿ ಬೇಯುವ ಮಗಳ ಮುಂದೆ ಆ ಮೀಸೆ ಯಾವ ಕೆಲಸಕ್ಕೂ ಬರಲಿಲ್ಲ.

ಒಂದು ಸಂಜೆ ಎದುರು ಮನೆಯ ಸರಸು, ಮಂಜಿಯ ಕ್ಲಾಸಿನವಳೇ, ಬೀದಿಯಲ್ಲಿ ನಿಂತು ಕೂಗಿದಳು: "ಮಾಮಾ, ಮಂಜಿಗೆ ಮದ್ವೆ ಮಾಡ್ಬುಟ್ರಾ ಅಂತ ಟೀಚರ್ ಕೇಳುದ್ರು. ನಾನೇನೂ ಯೋಳ್ಲಿಲ್ಲ, ಅಜ್ಜಿ ಬೈತದೆ. ಹಿಂಗೇ ಯೋಳ್ದೆ ಕೇಳ್ದೆ ಬರ್ದಿದ್ರೆ ಹೆಸ್ರು ಹೊಡ್ದಾಕ್ಬುಡ್ತಾರಂತೆ."

ಹೆಸರು ಹೊಡೆಯುವುದು ಹೇಗೆಂದು ನನಗೆ ಗೊತ್ತು. ಯಾರೂ ಕತ್ತು ಹಿಡಿದು ನೂಕುವುದಿಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಹೊಲದ ಕೆಲಸಕ್ಕೆಂದು ವಾರಗಟ್ಟಲೆ ತಪ್ಪಿಸಿಕೊಂಡು, ಅದು ಮುಗಿದ ಮೇಲೆ ಒಂದು ದಿನ ಕ್ಲಾಸಿಗೆ ಹೋಗಿ ಕೂತಿದ್ದೆ. ಮೇಷ್ಟ್ರು ಹಾಜರಿ ಕೂಗುತ್ತ ನನ್ನ ಹೆಸರನ್ನು ದಾಟಿಕೊಂಡು ಹೋದರು. ಬಂದಿದ್ದೀನಿ ಸಾರ್ ಎನ್ನಲು ಬಾಯಿ ಬರಲಿಲ್ಲ. ಎದ್ದು ಮನೆಗೆ ಬಂದೆ, ಅಷ್ಟೇ.

ಹೇಳಿದರೆ ದೇವಿಗೆ ಸಿಟ್ಟು. ಹೇಳದಿದ್ದರೆ ಮಗಳ ಓದು ಹೋಯಿತು. ಮಾರನೆಯ ದಿನ ಸೊಂಟಕ್ಕೆ ಬೇವಿನ ಎಸಳು ಸಿಕ್ಕಿಸಿಕೊಂಡು ಶಾಲೆಗೆ ಹೋದೆ. ಒಳಗೆ ಮಕ್ಕಳು, ಕಾಲಿಡುವಂತಿಲ್ಲ. ಗೇಟಿನಾಚೆ ರಸ್ತೆಯಲ್ಲೇ ನಿಂತೆ, ಕೈಕಟ್ಟಿಕೊಂಡು.

ಟೀಚರಮ್ಮ ಗೇಟಿಗೆ ಬಂದವರೇ, "ನಿಜ ಹೇಳಪ್ಪ, ಗಂಡು ಎಲ್ಲಿಯವನು?" ಎಂದರು.

ಮೈ ಉರಿದುಹೋಯಿತು. ಮಾತಾಡದೆ ಸೊಂಟದ ಎಸಳು ತೆಗೆದು ತೋರಿಸಿದೆ. ಆಕೆ ಹಿಂದೆ ಸರಿದು, ಚಪ್ಪಲಿ ಬಿಟ್ಟು, ಕೈಮುಗಿದರು. ಆಮೇಲೆ ಶುರುವಾಯಿತು ಬೈಗುಳ: "ಹಿಂಗಾದ್ರೆ ಮಕ್ಕಳನ್ನ ಕಳಿಸಲೇಬಾರ್ದು ಅಂತ ನಮ್ಮಲ್ಲೇ ರೂಲ್ಸ್ ಐತಲ್ಲಪ್ಪ! ಹೇಳಿದ್ರೆ ಲೀವು, ಹೇಳದಿದ್ರೆ ಆಬ್ಸೆಂಟು. ಇವತ್ತು ನೀನು ಬರದಿದ್ರೆ ಹೆಡ್ಮಾಸ್ಟ್ರು ಹೆಸರು ಹೊಡ್ದಾಕ್ತಿದ್ರು. ಮೂರನೇ ನೀರಾದ್ಮೇಲೆ ಕರ್ಕೊಂಡ್ ಬಾ."

ಮನೆಗೆ ಬಂದರೆ ಬಾಗಿಲಲ್ಲೇ ನನ್ನ ಅವ್ವ. "ಯಾರ್ಗೆ ಏನ್ ಯೋಳ್ಬುಟ್ ಬಂದ್ಯಲಾ?"

"ಯೋಳ್ಲಿಲ್ಲ ಕಣವ್ವ. ತೋರಿಸ್ದೆ."

ಅವ್ವ ನನ್ನನ್ನೇ ದಿಟ್ಟಿಸಿ, ಕಾಲಿಗೆ ಅರಿಶಿನದ ನೀರು ಸುರಿದಳು. ಒಳಗಿಂದ ಮಂಜಿಯ ಸಣ್ಣ ದನಿ: "ಅಪ್ಪಾ, ನನ್ನೆಸ್ರು ಐತಾ?"

"ಐತೆ ಕಣವ್ವ. ಮನಿಕ್ಕೊ."

ತೋರಿಸಿದ್ದಕ್ಕೂ ಆಕೆ ಮುನಿದಾಳೋ ಎಂದು, ಜ್ವರ ಇಳಿಯುವವರೆಗೂ ಮಗಳ ಹಣೆ ಮುಟ್ಟಿ ಮುಟ್ಟಿ ನೋಡಿದೆ. ಮೂರನೇ ನೀರಾದ ಮೇಲೆ ನಾನೇ ಕರೆದುಕೊಂಡು ಹೋಗಿ ಕ್ಲಾಸಿಗೆ ಬಿಟ್ಟೆ. ಟೀಚರಮ್ಮ ಹಾಜರಿ ಕೂಗಿ, ಅವಳು ಓಗೊಡುವವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ.

ಇವತ್ತು ಆ ಮನೆಯಿಂದ ಕಾರ್ಖಾನೆಯ ಯೂನಿಫಾರಂ ತೊಟ್ಟ ಹುಡುಗಪ್ರಾಯದ ತಂದೆಯೊಬ್ಬ ಹೊರಗೆ ಬಂದ. "ಇಸ್ಕೂಲ್ಗೆ ಯೋಳಿದ್ದೀಯೇನಪ್ಪಾ?" ಎಂದೆ. ಇಲ್ಲವೆಂದು ತಲೆಯಾಡಿಸಿದ.

"ಯೋಳ್ಬುಡು. ಮನೇಗ್ ಬಂದಿರೋ ಆಯಮ್ಮ ಏನೂ ಅನ್ನಲ್ಲ."

ಧೈರ್ಯವಾಗಿ ಅಂದೇನೋ ಅಂದೆ. ಅಂದವನೇ, ಅವನಿಗಿಂತ ಮೊದಲು ನಾನೇ ಹೆದರಿ, ಅವನ ಬಾಗಿಲಿಗೆ ಕೈಮುಗಿದೆ.