ಸೋರದೇ ನಿಂತ ಕೊಳವೆ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದೆ. ಪೈಪು ಸೋರಿದರೆ ಅದಕ್ಕೊಂದು ಕಾರಣ ಇರುತ್ತದೆ, ಸೋರದಿದ್ದರೂ ಇರುತ್ತದೆ ಎಂದು ನಂಬಿಯೇ ಸಂಬಳ ಪಡೆಯುತ್ತಿದ್ದವನು ನಾನು. ನೀವು ಇದನ್ನು ನಂಬಲೇಬೇಕೆಂದಿಲ್ಲ.

ಕೆಲವು ವರ್ಷಗಳ ಹಿಂದೆ, ಸಾರಕ್ಕಿಯ ಒಂದು ಶೆಡ್ಡಿನಲ್ಲಿ ವಿಮಲಾ ಮೇಡಂ ಗ್ರೀಸ್ ತಯಾರಿಸುತ್ತಿದ್ದರು. ಎಣ್ಣೆ ಬಾವಿಗೆ ಇಳಿಸುವ ಪೈಪುಗಳನ್ನು ಒಂದಕ್ಕೊಂದು ತಿರುಗಿಸಿ ಜೋಡಿಸುವಾಗ ತುದಿಯ ತಿರುಪು ಗೆರೆಗಳಿಗೆ, ಅಂದರೆ ಥ್ರೆಡ್ಡಿಗೆ, ಬಳಿಯುವ ಗ್ರೀಸ್ ಅದು. ಲೋಹ ಲೋಹವನ್ನು ಕಚ್ಚದಂತೆ ಜಾರಿಸಬೇಕು. ಬಿಗಿಯಾದ ಮೇಲೆ ಸಂದು ತುಂಬಿ, ಸೋರದಂತೆ ತಡೆಯಬೇಕು. ಹಳೆಯ ಕ್ರಮದಲ್ಲಿ ಅದಕ್ಕೆ ಸೀಸದ ಪುಡಿ ಬೆರೆಸುತ್ತಾರೆ. ಸೀಸ ವಿಷ, ಅದಿಲ್ಲದೆಯೇ ಮಾಡಬೇಕೆಂದು ಮೇಡಂ ಹಟ ಹಿಡಿದಿದ್ದರು. ನಾನು ಅವರಲ್ಲಿ ಪರೀಕ್ಷೆಯ ಕೆಲಸ ನೋಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಆ ಗ್ರೀಸನ್ನು ಪರೀಕ್ಷಿಸಿ ನೋಡಲು, ಅದನ್ನು ಕೊಳ್ಳಲಿದ್ದ ಕಂಪನಿಯ ಎಂಜಿನಿಯರ್ ಪ್ರಸಾದ್ ಬಂದಿದ್ದರು. ಅವರ ಎದುರಿಗೇ ನಾನು ಬ್ರಷ್ಷಿನಿಂದ ಥ್ರೆಡ್ಡಿನ ತುಂಬ ಬೂದು ಬಣ್ಣದ ಗ್ರೀಸ್ ಬಳಿದೆ. ಪೈಪು ಬಿಗಿದು, ನೀರು ತುಂಬಿ, ಒತ್ತಡ ಏರಿಸಿದೆವು. ಗೇಜಿನ ಮುಳ್ಳು ಏರಿ ನಿಂತಿತು. ಒಂದು ಹನಿಯೂ ಹೊರಬರಲಿಲ್ಲ.

ಬಿಚ್ಚಿ ನೋಡಿದರೆ ಥ್ರೆಡ್ಡಿನ ಮೇಲೆ ಗ್ರೀಸೇ ಇರಲಿಲ್ಲ. ತೊಳೆದು ಒರೆಸಿಟ್ಟ ಹಾಗೆ ಲೋಹ ಒಣಗಿ ಹೊಳೆಯುತ್ತಿತ್ತು. ಅದು ನೀರಿಗೆ ಕರಗುವ ವಸ್ತುವಲ್ಲ. ಬಿಚ್ಚುವಾಗ ಹೊರಚೆಲ್ಲಿದ ನೀರಿನಲ್ಲೂ ಅದರ ಸುಳಿವಿಲ್ಲ. ನನ್ನ ಬೆರಳುಗಳಲ್ಲಿ ಮಾತ್ರ ಬೂದು ಬಣ್ಣ ಹಾಗೇ ಇತ್ತು.

"ಸೋರಿಲ್ವಲ್ಲ ಮೇಡಂ, ಪಾಸ್ ಅಂತ ಬರ್ಕೊತೀನಿ," ಎಂದರು ಪ್ರಸಾದ್.

ಮೇಡಂ ತಲೆ ಅಲ್ಲಾಡಿಸಿದರು. "ಬೇಡಿ ಸಾರ್. ಏನ್ ತಡೀತು ಅಂತ ನಂಗೇ ಗೊತ್ತಿಲ್ಲ. ಗೊತ್ತಿಲ್ದೇ ಇರೋದನ್ನ ಬಾವಿಗೆ ಹೇಗ್ ಕಳಿಸ್ಲಿ? ಅಲ್ಲಿ ಜನ ಕೆಲ್ಸ ಮಾಡ್ತಿರ್ತಾರೆ."

ಆ ಒಪ್ಪಿಗೆ ಸಿಗದಿದ್ದರೆ ಶೆಡ್ಡು ಮುಚ್ಚುವುದೇ ಗತಿ ಎಂದು ನನಗೂ ಗೊತ್ತಿತ್ತು, ಮೇಡಂಗೂ ಗೊತ್ತಿತ್ತು. ಅಂಥ ಮಾತನ್ನು ಅಷ್ಟು ಸಾಧಾರಣವಾಗಿ ಆಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಪ್ರಸಾದ್ ಏನೂ ಬರೆದುಕೊಳ್ಳದೆ, ಇನ್ನೊಮ್ಮೆ ಬರುತ್ತೇನೆಂದು ಹೇಳಿ ಹೊರಟರು.

ಅವರು ಮತ್ತೆ ಬರುವುದರೊಳಗೆ ಅದೇ ಪೈಪನ್ನು ಗ್ರೀಸ್ ಇಲ್ಲದೆ ಎಷ್ಟೋ ಸಲ ಬಿಗಿದು ನೋಡಿದೆವು. ಪ್ರತಿ ಸಲವೂ ಒತ್ತಡ ಏರುವ ಮೊದಲೇ ನೀರು ಚಿಮ್ಮಿತು. ಪ್ರಸಾದ್ ಬಂದ ದಿನ ಹೊಸದಾಗಿ ಗ್ರೀಸ್ ಬಳಿದೆ. ಪೈಪು ಸೋರಲಿಲ್ಲ, ಬಿಚ್ಚಿದಾಗ ಗ್ರೀಸ್ ಇದ್ದಲ್ಲೇ ಇತ್ತು. ಅವರು ಸಂತೋಷದಿಂದ ಸಹಿ ಹಾಕಿದರು.

ಅವರು ಹೋದ ಮೇಲೆ ಮೇಡಂ ಆ ಗ್ರೀಸನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಹಾಗಾದ್ರೆ ಅವತ್ತು ನೀರನ್ನ ತಡೆದೋರು ಯಾರಪ್ಪಾ?"

ಏನು ತಡೆಯಿತು ಎಂದು ಕೇಳಿದ್ದರೆ ಏನನ್ನಾದರೂ ಊಹಿಸಿ ಹೇಳುತ್ತಿದ್ದೆನೇನೋ. ಮೇಡಂ ಕೇಳಿದ್ದು 'ಯಾರು' ಎಂದು.