ರಿವರ್ಸ್ ಬಾರದವರ ಹಾಯಿದೋಣಿ

ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರಣ್ಣನವರಿಗೆ ಮುಂದಕ್ಕೆ ಹೋಗುವುದರಲ್ಲಿ ಸಾಟಿಯಿರಲಿಲ್ಲ. ಹಿಂದಕ್ಕೆ ಮಾತ್ರ ಅವರು ಒಮ್ಮೆಯೂ ಸ್ವಂತ ಬುದ್ಧಿಯಿಂದ ಹೋದವರಲ್ಲ. ಹಿಂದೆ ಕಂಡಕ್ಟರು ನಿಂತು ಸೀಟಿ ಊದಬೇಕು, ಇವರು ಸ್ಟಿಯರಿಂಗ್ ತಿರುಗಿಸಬೇಕು. ಕತ್ತು ಹೊರಳಿಸಿ ನೋಡುವುದು ಕಸುಬಿಗೇ ಅವಮಾನವೆಂದು ಅವರ ನಂಬಿಕೆ.

ಇಂಥವರು ಹದಿನಾಲ್ಕು ಅಡಿಯ ಹಾಯಿದೋಣಿ ಕೊಂಡರು. ಇಬ್ಬರು ಕೂತು ಬೆಳಿಗ್ಗೆ ಹೋಗಿ ಸಂಜೆಗೆ ಮರಳುವಂಥದ್ದು. ಟ್ರೇಲರಿಗೇರಿಸಿ ಕಾರಿನ ಹಿಂದೆ ಕಟ್ಟಿಕೊಂಡು ಕೆರೆಗೆ ಒಯ್ಯಬಹುದು. ಒಯ್ದರು ಕೂಡ. ಕಾರನ್ನು ರಿವರ್ಸಿನಲ್ಲಿ ಓಡಿಸಿ ಟ್ರೇಲರನ್ನು ನೀರಿಗೆ ತಳ್ಳಬೇಕೆಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರು ಬಲಕ್ಕೆ ಹೊರಳುತ್ತದೆಂಬುದೂ ಆಗಲೇ ತಿಳಿಯಿತು. ಐದು ಭಾನುವಾರ ದೋಣಿ ಕೆರೆಯ ದರ್ಶನ ಮಾಡಿಕೊಂಡು, ಹನಿ ನೀರೂ ಸೋಕದೆ ಮನೆಗೆ ಬಂತು.

ಮನೆಯಲ್ಲಿ ಅದು ಹೆಂಡತಿ ಬಟ್ಟೆ ಒಣಗಿಸುವ ಹಗ್ಗದ ಅರ್ಧ ಜಾಗ ನುಂಗಿ ನಿಂತಿತ್ತು. “ಈ ಭಾನುವಾರ ನೀರಿಗೆ ಇಳೀಲಿಲ್ಲ ಅಂದ್ರೆ ನನ್ನ ತಮ್ಮ ಬಂದು ತಗೊಂಡ್ಹೋಗ್ತಾನೆ. ಅವನಿಗೆ ಕೋಳಿ ಸಾಕೋಕೆ ಬೇಕಂತೆ,” ಎಂದರು ಆಕೆ.

ಡ್ರೈವರಣ್ಣ ಪಟ್ಟು ಬಿಡಲಿಲ್ಲ. ವಾರವಿಡೀ ಊಟದ ಮೇಜಿನ ಮೇಲೆ ಬೆಂಕಿಪೆಟ್ಟಿಗೆಗೆ ಸೋಪಿನ ಡಬ್ಬಿ ಕಟ್ಟಿ ಅಭ್ಯಾಸ ಮಾಡಿದರು. ಬೆಂಕಿಪೆಟ್ಟಿಗೆ ಕಲಿಯಿತು, ಅವರು ಕಲಿಯಲಿಲ್ಲ.

ಭಾನುವಾರ ಹೆಂಡತಿಯೂ ಕಾರಿನಲ್ಲಿ ಜೊತೆಗೆ ಬಂದರು. ಮೂರನೇ ಸಲ ಹಿಂದಕ್ಕೆ ಬಿಟ್ಟಾಗಲೂ ಟ್ರೇಲರು ಅಡ್ಡಡ್ಡ ನಿಂತಿತು. ದಂಡೆಯಲ್ಲಿ ಮೀನು ಹಿಡಿಯುವವರು ಗಾಳ ಮರೆತು ಇತ್ತ ತಿರುಗಿ ಕೂತರು.

“ಅಣ್ಣಾ, ದೋಣಿ ಬಿಡಿ, ಕಾರನ್ನೇ ತೇಲಿಸಿಬಿಡಿ!”

“ಇವತ್ತು ಇಳಿಸದೆ ಮನೆಗೆ ಹೋಗಲ್ಲ,” ಎಂದು ಅವರು ಮತ್ತೆ ಗೇರ್ ಹಾಕಿದರು.

ಗಂಡನನ್ನು ಆಡಿಕೊಳ್ಳುವ ಹಕ್ಕು ತನ್ನೊಬ್ಬಳದೇ ಎಂದು ತಿಳಿದಿದ್ದ ಹೆಂಡತಿಗೆ ಇದು ಸೇರಲಿಲ್ಲ. ಕಾರಿನಿಂದಿಳಿದು, ಲೈಫ್ ಜಾಕೆಟಿಗೆ ಕಟ್ಟಿದ್ದ ಸೀಟಿ ಕಿತ್ತುಕೊಂಡು ಟ್ರೇಲರಿನ ಹಿಂದೆ ನಿಂತರು.

“ನಾನು ಎಡಕ್ಕೆ ಅಂದ್ರೆ ಬಲಕ್ಕೆ ತಿರುಗಿಸಿ.”

“ಅಂದ್ರೆ, ನೀನು ಹೇಳಿದ್ದಕ್ಕೆ ಉಲ್ಟಾ?”

“ಇಪ್ಪತ್ತೆಂಟು ವರ್ಷದಿಂದ ಅದನ್ನೇ ಮಾಡ್ತಿದ್ದೀರಲ್ಲ!”

ಸೀಟಿ ಕೇಳಿದ್ದೇ ತಡ, ಕೈಗಳಿಗೆ ಹಳೆಯ ಜೀವ ಬಂತು. ಆಕೆ ಎಡಕ್ಕೆಂದರೆ ಸ್ಟಿಯರಿಂಗ್ ಬಲಕ್ಕೆ, ಬಲಕ್ಕೆಂದರೆ ಎಡಕ್ಕೆ. ಕೊನೆಗೊಂದು ಉದ್ದನೆಯ ಸೀಟಿಗೆ ಬ್ರೇಕ್ ಬಿತ್ತು. ದೋಣಿ ತೇಲುತ್ತಿತ್ತು.

ಸಂಜೆ ಹೆಂಡತಿ ಬಟ್ಟೆಯ ಬಕೆಟ್ ಹಿಡಿದು ಅಂಗಳಕ್ಕೆ ಬಂದರೆ, ಉಳಿದಿದ್ದ ಅರ್ಧ ಹಗ್ಗದ ತುಂಬ ಒದ್ದೆ ಹಾಯಿ ನೇತಾಡುತ್ತಿತ್ತು.

“ತೆಗೀರಿ ಅದನ್ನ!”

ಡ್ರೈವರಣ್ಣ ಹಾಯಿಗೆ ಇನ್ನೊಂದು ಕ್ಲಿಪ್ಪು ಸಿಕ್ಕಿಸಿದರು.