ದೂಮಣ್ಣನ ಕೋವಿ, ಬಾಬುವಿನ ಕಣ್ಣು

ಮಿತ್ರರೇ, ಕೋವಿಯ ಕಾಯ್ದೆ ಬದಲಾಗುತ್ತದಂತೆ ಎಂಬ ಸುದ್ದಿಗೆ ಇವತ್ತು ನರಿಕೊಂಬಿನ ಚಹಾ ಹೋಟೆಲಿನಲ್ಲಿ ದೊಡ್ಡ ಗಲಾಟೆ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರೇ ಗುಂಡು ಹಾರಿಸಬೇಕು, ಮನೆಯವರು ಕೂಡ ಕೋವಿ ಮುಟ್ಟಬಾರದು ಎಂದು ಯಾರೋ ಹೇಳಿದರು.

ನಮ್ಮ ನೆರೆಮನೆಯ ದೂಮಣ್ಣನ ಮುಖ ಸಣ್ಣದಾಯಿತು. ಲೈಸೆನ್ಸ್ ಇರುವುದು ಮನೆಯ ಯಜಮಾನರಾದ ಅವರ ಹೆಸರಿನಲ್ಲಿ. ಆದರೆ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿನ ಚಹಾದ ಗ್ಲಾಸನ್ನೂ ತಡಕಾಡಿಯೇ ಹಿಡಿಯುತ್ತಾರೆ. ಗದ್ದೆಗೆ ಇಳಿಯುವ ಕಾಡುಹಂದಿಗೆ ಗುಂಡು ಹೊಡೆಯುವುದು ಅವರ ತಂಗಿಯ ಮಗ ಬಾಬು.

"ಮಾವ, ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸುವ," ಎಂದ ಪಕ್ಕದಲ್ಲೇ ಕೂತಿದ್ದ ಬಾಬು, ಮೆಲ್ಲಗೆ.

"ಆಗ ಈ ಮನೆಗೆ ಯಜಮಾನ ಯಾರು ಮಾರಾಯ? ನೀನಾ? ನಾನು ಸತ್ತ ಮೇಲೆ ಮಾಡಿಸು."

"ಅಷ್ಟರಲ್ಲಿ ಭತ್ತ ಪೂರಾ ಹಂದಿಗೆ ಹೋಗ್ತದೆ ಮಾವ. ನಾವು ಉಣ್ಣುವುದು ಎಂತ?"

ದೂಮಣ್ಣ ಉಳಿದ ಚಹಾ ಕುಡಿದು ಮುಗಿಸಿದರು. ಆಮೇಲೆ ಗ್ಲಾಸು ಕೆಳಗಿಟ್ಟು ಹೇಳಿದರು:

"ಕಾಯ್ದೆ ಬರಲಿ. ಹಂದಿ ಯಾವ ಬದಿಯಲ್ಲಿ ಉಂಟು ಅಂತ ನೀನು ಹೇಳು. ಗುಂಡು ನಾನು ಹೊಡೀತೇನೆ. ಕಾಯ್ದೆಯೂ ಉಳೀತದೆ, ಭತ್ತವೂ ಉಳೀತದೆ."

ಹೋಟೆಲಿನಲ್ಲಿದ್ದವರೆಲ್ಲ ತಲೆದೂಗಿದರು. ಸರಕಾರಕ್ಕೆ ಇದೇ ಸರಿಯಾದ ಉತ್ತರ ಎಂದರು.

ತಲೆದೂಗದವನು ನಾನೊಬ್ಬನೇ. ಅವರ ಗದ್ದೆಯ ಆಚೆ ಬದುವಿಗೆ ತಾಗಿಕೊಂಡಿರುವುದು ನಮ್ಮ ಮನೆ. ಹಂದಿಗಾದರೆ ನಾಲ್ಕು ಕಾಲಿವೆ, ಓಡೀತು. ಮನೆ ಎಲ್ಲಿಗೆ ಓಡಬೇಕು?